ಕೈಗವಸು ಹಾಕಿಕೊಂಡೇ ಹಚ್ಚಿ

ಎಸ್ತಾನ್ಸಿಯಾ ಬಂದರಿನಲ್ಲಿ ಮೀನು ಸೀಳುವ ಹೆಂಗಸಿನ ಕೈ ನೋಡಿದರೆ ಸಾಕು, ಅವಳು ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾಳೆಂದು ಹೇಳಿಬಿಡಬಹುದು. ನನ್ನದು ಹನ್ನೊಂದು ವರ್ಷದ ಕೈ. ಬೆರಳುಗಳ ತುಂಬ ಚಾಕು ತಾಗಿದ ಗೀರು, ಗೀರಿನೊಳಗೆ ಉಪ್ಪುನೀರು. ಗಾಯಕ್ಕೆ ಉಪ್ಪು ಬಿದ್ದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ನಾನೇ ನನ್ನ ಮಗಳಿಗೆ ಮೂರು ತಿಂಗಳು ಅದನ್ನೇ ಮಾಡಿದೆ.

ಮಗಳು ಜೂನಾ. ಏಳು ವರ್ಷ, ಮಾತಿಲ್ಲ. ಇಲೋಯಿಲೋ ನಗರದ ಆಸ್ಪತ್ರೆಯಲ್ಲಿ ಆಟಿಸಂ ಎಂದು ಬರೆದುಕೊಟ್ಟು, ವಾರಕ್ಕೆ ಎರಡು ಸಲ ತರಬೇತಿಗೆ ಕರೆತನ್ನಿ ಎಂದಿದ್ದರು. ಬಸ್ಸಿನಲ್ಲಿ ಹೋಗಲಿಕ್ಕೇ ನಾಲ್ಕು ಗಂಟೆ ಬೇಕು. ಗಂಡ ಆರ್ನೆಲ್ ದೋಣಿಯಲ್ಲಿ ಹೋದರೆ ಐದಾರು ದಿನ ಬರುವುದಿಲ್ಲ. ನಾಲ್ಕು ಸಲ ಹೋದೆ, ಐದನೆಯ ಸಲ ಜೂನಾಳ ಕಿರುಚಾಟಕ್ಕೆ ಬಸ್ಸಿನ ಜನ ನಮ್ಮನ್ನು ಇಳಿಸಿಬಿಟ್ಟರು. ಆಮೇಲೆ ಹೋಗಲಿಲ್ಲ.

ಆಗ ಸಿಕ್ಕವಳು ಫ್ಲೋರ್ ಅಕ್ಕ. ಪೂರ್ತಿ ಹೆಸರು ಫ್ಲೋರ್ಡೆಲಿಜಾ. ಅವಳ ಮಗಳು ಮೈಲೀನ್‌ಗೂ ಆಟಿಸಂ, ಈಗ ಹದಿನಾರು ವರ್ಷ. ಭಾನುವಾರ ಇಗರ್ಜಿ ಬಿಟ್ಟ ಮೇಲೆ ಇಂಥ ಮಕ್ಕಳ ತಾಯಂದಿರೆಲ್ಲ ಅವಳ ಮನೆಯ ಜಗಲಿಯಲ್ಲಿ ಸೇರುತ್ತಿದ್ದೆವು. ಸುಳ್ಳು ಹೇಳಬಾರದು, ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೊದಲನೆಯವಳು ಅವಳೇ. ಮಗು ನಿದ್ದೆ ಮಾಡುವುದಿಲ್ಲ, ಮೈ ಪರಚಿಕೊಳ್ಳುತ್ತದೆ, ಮಣಿಕಟ್ಟು ಕಚ್ಚಿಕೊಳ್ಳುತ್ತದೆ ಎಂದಾಗ ನನ್ನ ಬೆನ್ನು ಸವರಿದಳು.

"ಅದರ ಮೈಯಲ್ಲಿ ಮೆಗ್ನೀಸಿಯಂ ಇಲ್ಲ ಕಣೆ ವಿಲ್ಮಾ. ಅದಿಲ್ದೆ ನರ ಎಲ್ಲ ಬಿಗಿದುಕೊಂಡಿದೆ. ಹೊಟ್ಟೆಗೆ ಕೊಟ್ರೆ ಈ ಮಕ್ಕಳು ಉಗೀತಾವೆ, ಚರ್ಮದ ಮೇಲಿಂದ ಕೊಡಬೇಕು."

ತಾನೇ ತುಂಬಿ ಮಾರುವ ಬಿಳಿ ಮೆಗ್ನೀಸಿಯಂ ಕ್ರೀಮಿನ ಒಂದು ಡಬ್ಬಿ, ಅದೇ ಮೆಗ್ನೀಸಿಯಂ ಇರುವ ಎಪ್ಸಮ್ ಉಪ್ಪಿನ ಒಂದು ಚೀಲ, ತೆಳು ಪ್ಲಾಸ್ಟಿಕ್ ಕೈಗವಸಿನ ಒಂದು ಕಟ್ಟು ಕೊಟ್ಟಳು. ಸಂಜೆ ಬಿಸಿನೀರಿನ ಟಬ್ಬಿಗೆ ಎರಡು ಬೊಗಸೆ ಉಪ್ಪು ಹಾಕಿ ಇಪ್ಪತ್ತು ನಿಮಿಷ ಕೂರಿಸಬೇಕು. ಮೈ ಒರೆಸಿ, ಕ್ರೀಮನ್ನು ಕೈಗೆ, ಕಾಲಿಗೆ, ಹೊಟ್ಟೆಗೆ, ಬೆನ್ನುಮೂಳೆಯ ಉದ್ದಕ್ಕೂ ತಿಕ್ಕಬೇಕು.

"ಕೈಗವಸು ಹಾಕಿಕೊಂಡೇ ಹಚ್ಚು. ಇಲ್ದಿದ್ರೆ ಅರ್ಧ ಶಕ್ತಿ ನಿನ್ನ ಚರ್ಮವೇ ಕುಡಿದುಬಿಡುತ್ತೆ."

ಮೊದಲ ದಿನವೇ ಜೂನಾ ಟಬ್ಬಿನಿಂದ ಹಾರಿದಳು. ಎರಡನೆಯ ದಿನ ನನ್ನ ತೋಳು ಕಚ್ಚಿದಳು. ವಾರ ಕಳೆಯುವಷ್ಟರಲ್ಲಿ ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟ ಸದ್ದು ಕೇಳಿದರೂ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು. ಕಾಲು ಹಿಡಿದು ಎಳೆದು ತರುತ್ತಿದ್ದೆ. ಮೊಣಕಾಲಿನಿಂದ ಅವಳ ತೊಡೆ ಒತ್ತಿ ಹಿಡಿದು ತಿಕ್ಕುತ್ತಿದ್ದೆ. ಗಂಟಲು ಕಟ್ಟಿ ದನಿ ಬರಿಯ ಗಾಳಿಯಾಗುವವರೆಗೂ ಕಿರುಚುತ್ತಿದ್ದಳು.

ಪಕ್ಕದ ಮನೆಯ ನೆನೀತಾ ಅಜ್ಜಿ ಬೇಲಿಯಾಚೆಯಿಂದ ಕೂಗಿದಳು: "ಏನೇ, ಮಗೂನ ಉಪ್ಪಲ್ಲಿ ಹಾಕ್ತಿದೀಯಾ? ನಾಳೆ ಸೀಳಿ ಬಿಸಿಲಿಗೂ ಹಾಕ್ತೀಯಾ?"

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅಜ್ಜಿ. ಇದು ಔಷಧ."

"ಔಷಧ ಅಂತೆ. ನಿಮ್ಮಮ್ಮ ನಿನಗೆ ಇಂಥ ಔಷಧ ಮಾಡಿದ್ರೆ ನೀನು ಈ ಮಾತಾಡೋಕೆ ಇರ್ತಿರಲಿಲ್ಲ."

ಫ್ಲೋರ್ ಅಕ್ಕನಿಗೆ ಹೇಳಿದರೆ ಅವಳ ಮುಖ ಅರಳಿತು. "ಅಳ್ತಾಳಾ? ಹಾಗಾದ್ರೆ ಕೆಲಸ ಮಾಡ್ತಿದೆ. ಒಳಗಿನ ವಿಷ ಹೊರಗೆ ಬರೋವಾಗ ಸುಮ್ಮನೆ ಬರುತ್ತಾ?" ಮಣಿಕಟ್ಟಿನಲ್ಲಿ, ಬೆರಳ ಸಂದುಗಳಲ್ಲಿ ಕೆಂಪು ಗುಳ್ಳೆ ಹೆಚ್ಚಾಗಿವೆ ಎಂದೆ. ಅದೂ ವಿಷವೇ ಎಂದಳು. ದಿನಕ್ಕೆ ಎರಡು ಸಲ ಹಚ್ಚು ಎಂದಳು.

ಹಚ್ಚಿದೆ.

ಒಂದು ಗುರುವಾರ ಕೈಗವಸು ಮುಗಿದಿತ್ತು. ಅಂದು ಬೆಳಿಗ್ಗೆಯೇ ಚಾಕು ಜಾರಿ ಎಡಗೈ ಹೆಬ್ಬೆರಳು ಸೀಳಿಕೊಂಡಿತ್ತು. ಒಂದು ದಿನ ಬರಿಗೈಯಲ್ಲಿ ಹಚ್ಚಿದರೆ ಶಕ್ತಿ ಎಲ್ಲಿಗೆ ಹೋದೀತು ಎಂದುಕೊಂಡು ಡಬ್ಬಿಯೊಳಗೆ ಕೈ ಅದ್ದಿದೆ.

ಬೆಂಕಿ. ಮೀನಿನ ತೊಟ್ಟಿಯ ಉಪ್ಪುನೀರು ಚುರುಕ್ ಎಂದು ಮರಗಟ್ಟಿಬಿಡುತ್ತದೆ, ಅದರ ಅಭ್ಯಾಸ ನನಗಿದೆ. ಇದು ಜಿಡ್ಡು, ಅಂಟಿಕೊಂಡು ಒಳಗೊಳಗೇ ಉರಿಯಿತು. ತೊಳೆದರೂ ಹೋಗಲಿಲ್ಲ. ನಲ್ಲಿಯ ಕೆಳಗೆ ಹೆಬ್ಬೆರಳು ಹಿಡಿದು ಕುಣಿದಾಡುತ್ತ ತಿರುಗಿ ನೋಡಿದೆ. ಜೂನಾ ಮೂಲೆಯಲ್ಲಿ ಬೆತ್ತಲೆ ನಿಂತಿದ್ದಳು. ಪರಚಿ ಪರಚಿ ಚರ್ಮ ಕಿತ್ತುಬಂದ ಮೊಣಕೈ ಮಡಿಕೆ, ಮೊಣಕಾಲಿನ ಹಿಂಬದಿ, ಹೊಟ್ಟೆ. ನನಗೆ ಒಂದು ಹೆಬ್ಬೆರಳಿನಲ್ಲಿದ್ದದ್ದು ಅವಳಿಗೆ ಮೈಯೆಲ್ಲ ಇತ್ತು. ತೊಂಬತ್ತು ಸಂಜೆ ಅದನ್ನೇ ಅವಳು ಹೇಳುತ್ತಿದ್ದಳು. ಮಾತು ಬರದವಳು ಅದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕಿತ್ತು?

ಮರುದಿನ ಕೆಲಸ ಬಿಟ್ಟು ಊರಿನ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋದೆ. ನರ್ಸು ಜೂನಾಳನ್ನು ಮುಟ್ಟಲು ಹೋಗಲಿಲ್ಲ, ದೂರದಿಂದಲೇ ಬಗ್ಗಿ ನೋಡಿದಳು. ಆಮೇಲೆ ನನ್ನ ಕೈ ಕೇಳಿದಳು. ಬೆರಳ ಸಂದು ಬಿಡಿಸಿ ನೋಡಿ ಅಂದಳು:

"ನಿಮಗೂ ಇದೆಯಲ್ಲಮ್ಮ. ತುರಿಸಲ್ವಾ?"

"ಉಪ್ಪುನೀರಿಂದು ಅಂದ್ಕೊಂಡಿದ್ದೆ."

"ಕಜ್ಜಿ ಇದು. ಹುಳದ ಕಜ್ಜಿ. ಮಲಗಿದ ಮೇಲೆ ತುರಿಕೆ ಜಾಸ್ತಿ. ಮಗು ನಿದ್ದೆ ಮಾಡುತ್ತಾ?"

ಒಂದು ವರ್ಷದಿಂದ ಮಗು ನಿದ್ದೆ ಮಾಡುವುದಿಲ್ಲ. ಪರಚಿಕೊಳ್ಳುತ್ತದೆ, ಆಟಿಸಂ. ಕಚ್ಚಿಕೊಳ್ಳುತ್ತದೆ, ಆಟಿಸಂ. ಬೇರೆ ಮಕ್ಕಳಾಗಿದ್ದರೆ ಎರಡೇ ದಿನಕ್ಕೆ ಅಂಗಿ ಎತ್ತಿ ನೋಡುತ್ತಿದ್ದೆವು. ಇವಳಿಗೆ ಒಂದು ಹೆಸರು ಸಿಕ್ಕಿಬಿಟ್ಟಿತ್ತಲ್ಲ, ಎಲ್ಲವನ್ನೂ ಅದರೊಳಗೆ ತುರುಕಿ ಕೂತಿದ್ದೆವು.

ಮೆಗ್ನೀಸಿಯಂ ಕ್ರೀಮಿನ ಬಗ್ಗೆ ಕೇಳಿದೆ. "ಅದರಿಂದ ಆಟಿಸಂಗೆ ಉಪಯೋಗ ಆಗುತ್ತೆ ಅಂತ ಯಾರೂ ಸರಿಯಾಗಿ ತೋರಿಸಿಲ್ಲ. ಗಾಯ ಇರೋ ಮೈಗಂತೂ ಹಚ್ಚಲೇಬಾರದು" ಎಂದು ಮುಲಾಮಿನ ಮೂರು ಟ್ಯೂಬು ಕೊಟ್ಟಳು. ಮನೆಯವರೆಲ್ಲ ಕತ್ತಿನಿಂದ ಕೆಳಗೆ ಹಚ್ಚಿಕೊಳ್ಳಬೇಕು, ವಾರ ಬಿಟ್ಟು ಇನ್ನೊಮ್ಮೆ.

ಮನೆಗೆ ಬಂದು ಟ್ಯೂಬಿನ ಮುಚ್ಚಳ ತೆಗೆದೆ. ಮುಲಾಮೂ ಬಿಳಿಯೇ. ಜೂನಾ ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ಅಲ್ಲೇ ಉಚ್ಚೆ ಹೊಯ್ದುಕೊಂಡಳು.

ಎರಡು ದಿನವಾದರೂ ಬಾಗಿಲ ಸಂದಿಯಿಂದ ಈಚೆ ಬರಲಿಲ್ಲ. ನಿಜವಾದ ಔಷಧ ಕೈಯಲ್ಲಿದೆ, ಹಚ್ಚುವ ಕೈಯನ್ನು ಮಗು ನಂಬುವುದಿಲ್ಲ. ಆ ಸಿಟ್ಟಿನಲ್ಲೇ ಭಾನುವಾರ ಡಬ್ಬಿ ಹಿಡಿದು ಫ್ಲೋರ್ ಅಕ್ಕನ ಜಗಲಿಗೆ ಹೋದೆ.

ಫ್ಲೋರ್ ಅಕ್ಕನೂ ಸೇರಿ ಎಂಟು ಜನ ಕೂತಿದ್ದರು. ಅಕ್ಕಿ ಹಿಟ್ಟಿನ ಕಡುಬು ತಟ್ಟೆಯಲ್ಲಿ ಸುತ್ತು ಬರುತ್ತಿತ್ತು. ಡಬ್ಬಿಯನ್ನು ನಡುವೆ ಇಟ್ಟೆ.

"ಯಾರ ಕೈಯಲ್ಲಿ ಗೀರಿದೆ?"

ಡಾಲಿ ನಕ್ಕಳು. ಅವಳೂ ನನ್ನ ಹಾಗೇ ಮೀನು ಸೀಳುವವಳು, ನಾಲ್ಕು ವರ್ಷದ ಮಗನ ತಾಯಿ. "ಯಾರ ಕೈಯಲ್ಲಿ ಇಲ್ಲ ಅಂತ ಕೇಳೇ!"

"ಹಾಗಾದ್ರೆ ಹಚ್ಚಿಕೊಳ್ಳಿ. ಕೈಗವಸು ಇಲ್ದೆ."

"ವಿಲ್ಮಾ, ಏನಿದು ನಾಟಕ?" ಎಂದಳು ಫ್ಲೋರ್ ಅಕ್ಕ.

"ಶಕ್ತಿ ನಮಗೂ ಸ್ವಲ್ಪ ಬರಲಿ ಬಿಡಕ್ಕ."

ಡಾಲಿ ತಮಾಷೆಗೆಂದೇ ಬೆರಳು ಅದ್ದಿ ಗೀರಿಗೆ ಒರೆಸಿದಳು. ನಗು ಹಾಗೇ ನಿಂತಿತು. "ಅಯ್ಯಮ್ಮಾ!" ಎಂದು ಕೈ ಕೊಡವಿದಳು. ಇನ್ನೊಬ್ಬಳು ಹಚ್ಚಿ ನೋಡಿದಳು. ಮತ್ತೊಬ್ಬಳು ಮೂಸಿ ಕೆಳಗಿಟ್ಟಳು. "ನನ್ನ ಮಗ ಇದರಿಂದ ಚೆನ್ನಾಗಿ ಮಲಗ್ತಾನಪ್ಪ" ಎಂದು ಹಿಂದಿನಿಂದ ಯಾರೋ ಅಂದರು. ಇರಬಹುದು, ಅವನ ಮೈಯಲ್ಲಿ ಗಾಯವಿರಲಿಲ್ಲವೇನೋ.

"ಸ್ವಲ್ಪ ಚುರುಕ್ ಅನ್ನುತ್ತೆ. ಔಷಧ ಅಂದ್ಮೇಲೆ—" ಎಂದು ಫ್ಲೋರ್ ಅಕ್ಕ ಶುರುಮಾಡಿದಳು.

"ಸ್ವಲ್ಪನಾ? ನನ್ನ ಮಗಳಿಗೆ ಹುಳದ ಕಜ್ಜಿ ಆಗಿತ್ತು. ಹಸಿ ಹುಣ್ಣಿಗೆ ಮೂರು ತಿಂಗಳು ಇದನ್ನ ತಿಕ್ಕಿಸಿದೆ ನೀನು. ಅತ್ರೆ ಒಳ್ಳೇದು ಅಂದೆ. ಎರಡು ಸಲ ಹಚ್ಚು ಅಂದೆ!"

"ನಾನೇನು ಬೇಕು ಅಂತ ಮಾಡಿದ್ನಾ?"

"ಗೊತ್ತಿಲ್ದೆ ಇದ್ದದ್ದನ್ನ ಗೊತ್ತಿರೋ ಹಾಗೆ ಹೇಳಿದ್ಯಲ್ಲ!"

ಈ ಗಲಾಟೆಗೆ ಮೈಲೀನ್ ಒಳಗಿನಿಂದ ಬಂದಳು. ನನಗಿಂತ ಎತ್ತರದ ಹುಡುಗಿ. ಮುಚ್ಚಳ ತೆರೆದ ಡಬ್ಬಿ ಕಂಡದ್ದೇ ತಡ, ಎರಡು ಕೈಯನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. "ಬೇಡ. ಆಯ್ತು. ಬೇಡ. ಆಯ್ತು," ಅಂದಳು.

ಡಾಲಿ ಡಬ್ಬಿಯ ಮುಚ್ಚಳ ಮುಚ್ಚಿದಳು.

"ಅವಳು ಹಾಗೇನೇ, ಎಲ್ಲದಕ್ಕೂ ಹಾಗೇ ಮಾಡ್ತಾಳೆ" ಎಂದಳು ಫ್ಲೋರ್ ಅಕ್ಕ. ಅವಳ ದನಿ ತಗ್ಗಿತ್ತು. ಅವಳನ್ನು ಹೊಡೆಯಬೇಕೆಂದು ಎತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅದೇ ಮಾತನ್ನು ನೆನೀತಾ ಅಜ್ಜಿಗೆ, ಬಸ್ಸಿನವರಿಗೆ, ಆರ್ನೆಲ್‌ಗೆ ನಾನು ಎಷ್ಟು ಸಲ ಹೇಳಿದ್ದೆ!

"ಹೊರಗೆ ಹೋಗು" ಎಂದಳು ಫ್ಲೋರ್ ಅಕ್ಕ. ಹೋದೆ. ಹಿಂದೆಯೇ ಡಾಲಿಯೂ ಎದ್ದು ಬಂದಳು. ಉಳಿದ ಆರು ಜನ ಕೂತೇ ಇದ್ದರು.

ಅಂದು ಸಂಜೆ ಆರ್ನೆಲ್ ಸಮುದ್ರದಿಂದ ಬಂದ. ಎಲ್ಲ ಹೇಳಿದೆ. ಅವನು ಎದ್ದು ಟಬ್ಬನ್ನು ಹಿತ್ತಲಿಗೆ ಒಯ್ದು ಕೊಡಲಿಯಿಂದ ಒಡೆದು ಹಾಕಿ ಬಂದ.

"ಈಗ ಮುಲಾಮು ಹಚ್ಚೋದು ಹೇಗೆ?"

"ಮೊದಲು ನಾವು ಹಚ್ಕೊಳ್ಳೋಣ. ಅವಳು ನೋಡ್ಲಿ."

ನೆಲದ ಮೇಲೆ ಕೂತು ಅವನ ಬೆನ್ನಿಗೆ ನಾನು, ನನ್ನ ಬೆನ್ನಿಗೆ ಅವನು ಹಚ್ಚಿದೆವು. ಬರಿಗೈಯಲ್ಲಿ. ಜೂನಾ ಬಾಗಿಲ ಸಂದಿಯಿಂದ ನೋಡಿದಳು. ಮರುದಿನದಿಂದ ಖಾಲಿ ಬೆರಳಿನಲ್ಲೇ ಹಾಗೆ ಸವರಿಕೊಳ್ಳುತ್ತ ಕೂತೆವು, ಅವಳು ಬಂದಾಳೇನೋ ಎಂದು. ಐದನೆಯ ದಿನ ಬಂದು ನನ್ನ ತೋಳು ಮೂಸಿದಳು. ಅಳಲಿಲ್ಲ, ಆದರೆ ಓಡಿಹೋದಳು. ಹನ್ನೊಂದನೆಯ ದಿನ ತಾನೇ ಒಂದು ಕಾಲು ಚಾಚಿದಳು. ಮುಲಾಮು ಹಿಂಡಿಕೊಂಡು ಹಚ್ಚಲು ಹೋದರೆ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಬಿಡಲಿಲ್ಲ. ನನ್ನ ಕೈಯನ್ನು ಅವಳೇ ನಡೆಸಿದಳು, ನೋವಾಗುವ ಕಡೆ ನಿಲ್ಲಿಸಿದಳು. ಪೂರ್ತಿ ಮೈಗೆ ಹಚ್ಚಿ ಮುಗಿಸಲು ಮೂರು ಗಂಟೆ ಹಿಡಿಯಿತು. ಮೂವರಿಗೂ ಒಟ್ಟಿಗೇ ಆಗಲೆಂದು ಆರ್ನೆಲ್ ಮತ್ತು ನಾನು ಮತ್ತೆ ಮೊದಲಿನಿಂದ ಹಚ್ಚಿಕೊಂಡೆವು.

ಕಜ್ಜಿ ವಾಸಿಯಾಯಿತು. ಈಗ ಮಲಗುತ್ತಾಳೆ. ಮಾತು ಬಂದಿಲ್ಲ, ಬರುತ್ತದೆಂದು ಯಾರೂ ನನಗೆ ಹೇಳುವುದೂ ಬೇಡ. ನಾನು ಕೈಯಲ್ಲಿ ಏನಾದರೂ ಹಿಡಿದು ಹತ್ತಿರ ಹೋದರೆ ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಅನ್ನದ ತಟ್ಟೆಯಾದರೂ ಅಷ್ಟೇ.

ಹೋದ ತಿಂಗಳು ಸಂತೆಯಲ್ಲಿ ಫ್ಲೋರ್ ಅಕ್ಕನ ಡಬ್ಬಿಗಳನ್ನು ನೋಡಿದೆ. ಚೀಟಿಯ ಕೆಳಗೆ ಹೊಸದೊಂದು ಸಾಲು ಸೇರಿಸಿದ್ದಾಳೆ, "ಗಾಯವಿದ್ದರೆ ಹಚ್ಚಬೇಡಿ" ಎಂದು. ಅಷ್ಟೇ. ನಮ್ಮ ಮನೆ ಕಡೆ ಒಂದು ಸಲವೂ ಬಂದಿಲ್ಲ. ಡಬ್ಬಿ ಕೈಗೆತ್ತಿಕೊಂಡಿದ್ದ ಒಬ್ಬ ಚಿಕ್ಕ ವಯಸ್ಸಿನ ತಾಯಿ "ಇದು ಚೆನ್ನಾಗಿದೆಯಾ ಅಕ್ಕ?" ಎಂದು ನನ್ನನ್ನು ಕೇಳಿದಳು. ಅವಳನ್ನು ರಸ್ತೆಯ ಆಚೆಗೆ ಕರೆದುಕೊಂಡು ಹೋಗಿ ಮೀನಿನ ಬುಟ್ಟಿಗಳ ನಡುವೆ ನಿಲ್ಲಿಸಿ ಎಲ್ಲ ಹೇಳಿದೆ. ದನಿ ಏರಿತ್ತೆಂದು ಕಾಣುತ್ತದೆ. ಸಂತೆಯ ಜನ ತಿರುಗಿ ನೋಡುತ್ತಿದ್ದರು.