ತೂತಣ್ಣನ ನಡಿಗೆ

‘ಎತ್ತಿ’ ಅಂದದ್ದೇ ತಡ, ನಾಲ್ವರೂ ಶವಪೆಟ್ಟಿಗೆಯ ಒಂದೇ ಬದಿಗೆ ಹೋಗಿ ಬಲಭುಜ ಕೊಟ್ಟರು. ಇನ್ನೊಂದು ಬದಿಯಲ್ಲಿ ಒಂದು ನೊಣವೂ ಇರಲಿಲ್ಲ. ಪೆಟ್ಟಿಗೆ ವಾಲಿತು. ಜೀವಮಾನವಿಡೀ ಏನನ್ನೂ ವಾಲಗೊಡದ ತೂತಣ್ಣ ಒಳಗೆ ಮಲಗಿದ್ದಂತೆಯೇ ಗೋಡೆಯ ಕಡೆಗೆ ಜಾರಿದ. ಪಕ್ಕದ ಲೇತ್ ಅಂಗಡಿಯವನು ಹಾರಿಬಂದು ಎದೆಗೊಟ್ಟು ತಡೆಯದಿದ್ದರೆ ಆ ದಿನ ಎರಡು ಪೆಟ್ಟಿಗೆ ಬೇಕಾಗುತ್ತಿದ್ದವು.

“ಇಳಿಸ್ರಪ್ಪ, ಇಳಿಸಿ,” ಅಂದ ಲೇತಿನವನು. “ನಾಲ್ಕು ಜನಾನೂ ಒಂದೇ ಕಡೆ ನಿಂತ್ರೆ ಅವನು ಆ ಕಡೆಯಿಂದ ಇಳಿದು ಕೆಲಸಕ್ಕೆ ಹೋಗ್ತಾನೆ, ಅಷ್ಟೇ.”

“ಅಭ್ಯಾಸ ಅಣ್ಣ,” ನಾಲ್ವರಲ್ಲಿ ಮದುವೆಯವನು ಎನಿಸಿಕೊಂಡವನು ಭುಜ ಉಜ್ಜಿಕೊಂಡ. “ಹೊರೋದು ಏನಿದ್ರೂ ಈ ಭುಜಕ್ಕೇ ಬರ್ಬೇಕು. ಎಡಭುಜ ನಂದು ಅಂತಾನೇ ಅನ್ಸಲ್ಲ.”

“ಮತ್ತೆ ಯಾರದ್ದು?”

“ನಮ್ಮತ್ತೇದು. ಊರಿಗೆ ಬಂದಾಗೆಲ್ಲ ಅದರ ಮೇಲೇ ಕೂತಿರ್ತಾರೆ.”

ಯಾರೂ ನಗಲಿಲ್ಲ. ಆದರೆ ನಾಲ್ಕೂ ಮೀಸೆಗಳು ಒಮ್ಮೆ ಅಲುಗಿದವು.

ನಾಲ್ವರೂ ಕ್ಯಾಮೆರಾದವರು. ಮದುವೆಗಳನ್ನು ತೆಗೆಯುವವನು ಮದುವೆಯವನು, ಕಾಡುಪ್ರಾಣಿಗಳ ಹಿಂದೆ ಬಿದ್ದವನು ಕಾಡಿನವನು, ದೋಣಿಗಳಲ್ಲೇ ಮುಪ್ಪಾದವನು ಕಡಲಿನವನು, ಎಲ್ಲಿ ಬೆಂಕಿ ಬಿದ್ದರೂ ಬೆಂಕಿಗಿಂತ ಮೊದಲು ತಲುಪುವವನು ಸುದ್ದಿಯವನು. ಹೊರಗೆ ಚಿತ್ರೀಕರಣಕ್ಕೆ ಹೋಗುವಾಗ ಕ್ಯಾಮೆರಾ, ಲೆನ್ಸು, ಬ್ಯಾಟರಿ, ಪುಟ್ಟ ಪರದೆ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಲೋಹದ ಚೌಕಟ್ಟಿಗೆ ರಿಗ್ ಅನ್ನುತ್ತಾರೆ. ಈ ನಾಲ್ವರ ರಿಗ್‌ಗಳೂ ಈಗ ಪೆಟ್ಟಿಗೆ ಇಟ್ಟಿದ್ದ ಇದೇ ವರ್ಕ್‌ಶಾಪಿನಲ್ಲಿ, ತೂತಣ್ಣನ ಕೈಯಲ್ಲಿ ಹುಟ್ಟಿದವು. ಭೂಮಿಯ ಮೇಲೆ ಅವರು ತೆಗೆಯದ ವಸ್ತುವೇ ಇರಲಿಲ್ಲ. ಆನೆ ಆಕಳಿಸುವುದು, ತಿಮಿಂಗಿಲ ಸೀನುವುದು, ವರ ಓಡಿಹೋಗುವುದು, ಮಂತ್ರಿ ಜಾರಿಬೀಳುವುದು, ಎಲ್ಲವೂ ಅವರ ಹತ್ತಿರ ಇತ್ತು.

ತೂತಣ್ಣನ ಹೆಂಡತಿ ಬೆಳಗಿನಿಂದ ಒಬ್ಬೊಬ್ಬರನ್ನೂ ಕೇಳಿದ್ದು ಅದಲ್ಲ.

“ನಿಮ್ಮ ಹತ್ರ ಇವರು ನಡೀತಿರೋದು ಏನಾದ್ರೂ ಇದ್ಯಾ?”

ಫೋಟೊ ಇತ್ತು. ಗುರುತಿನ ಚೀಟಿಯದು, ಕೋಳಿಯ ಕತ್ತು ಹಿಡಿದು ಎತ್ತಿದಂತಿರುವ ಮುಖ. ಅವಳಿಗೆ ಮುಖ ಬೇಕಿರಲಿಲ್ಲ. ಮುಖ ಕಣ್ಣು ಮುಚ್ಚಿದರೆ ಬರುತ್ತಿತ್ತು. ನಡಿಗೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದಾಗಲೆಲ್ಲ ಅವನು ನಿಂತೇ ಇರುತ್ತಿದ್ದ.

“ನಂದ್ರಲ್ಲಿ ನೆರಳಿದೆ ಅತ್ತಿಗೆ,” ಅಂದಿದ್ದ ಕಾಡಿನವನು. “ಹುಲಿ ಪಕ್ಕದಲ್ಲಿ.”

“ನನ್ನ ಹತ್ರ ಮೊಣಕೈ ಇದೆ,” ಅಂದಿದ್ದ ಸುದ್ದಿಯವನು. “ಕಾರಿನ ಕನ್ನಡೀಲಿ.”

“ಮೊಣಕೈ ಇಟ್ಕೊಂಡು ನಾನೇನು ಮಾಡ್ಲಿ,” ಅಂದು ಅವಳು ಕೆಲಸದ ಮೇಜಿನ ಪಕ್ಕ ಕೂತುಬಿಟ್ಟಿದ್ದಳು. ಮೇಜಿನ ಮೇಲೆ ಕರಿಬಟ್ಟೆ ಹೊದ್ದ ಏನೋ ಒಂದಿತ್ತು. ಅದರತ್ತ ಅವಳು ನೋಡುತ್ತಿರಲಿಲ್ಲ.

*

ತೂತಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದನ್ನು ಅವನೂ ಮರೆತಿದ್ದ.

ಆ ಕಾಲದ ಕ್ಯಾಮೆರಾ ಎಂದರೆ ಸಾಮಾನ್ಯದ್ದಲ್ಲ. ಅದನ್ನು ಹೊತ್ತು ಬೆಟ್ಟ ಹತ್ತಿದವನು ಇಳಿಯುವಾಗ ಒಂದು ಗೇಣು ಕುಳ್ಳನಾಗಿರುತ್ತಿದ್ದ. ಹೆಂಡತಿಯರು ಗುರುತು ಹಿಡಿಯದೆ ಬಾಗಿಲು ಹಾಕಿಕೊಂಡದ್ದೂ ಉಂಟು. ತೂತಣ್ಣ ಇದನ್ನು ನೋಡಲಾರದೆ ಡ್ರಿಲ್ ಹಿಡಿದ. ಅಲ್ಯೂಮಿನಿಯಂ ಚೌಕಟ್ಟು ಮಾಡಿ, ಗಟ್ಟಿತನ ಬೇಡದ ಕಡೆಯಲ್ಲೆಲ್ಲ ತೂತು ಕೊರೆದು ತೂಕ ಇಳಿಸಿದ. ರುಚಿ ಹತ್ತಿತು. ಬಾಚಣಿಗೆಯ ಹಿಡಿ, ಬಾಗಿಲ ಚಿಲಕ, ಕುರ್ಚಿಯ ಕಾಲು, ಯಾವುದನ್ನೂ ಬಿಡಲಿಲ್ಲ. ಗಾಳಿ ಬೀಸಿದರೆ ಮನೆಗೆ ಮನೆಯೇ ಸಿಳ್ಳೆ ಹಾಕುತ್ತಿತ್ತು. ಬೀದಿಯ ನಾಯಿಗಳು ಯಜಮಾನ ಕರೆದನೆಂದು ಎದ್ದು ಬರುತ್ತಿದ್ದವು.

ಸೌಟಿನ ಸರದಿ ಬಂದ ದಿನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಹಾಲು ಯಾತರಲ್ಲಿ ಬಗ್ಗಿಸ್ಲಿ? ನಿಮ್ಮ ಟೋಪೀಲಾ?”

“ಹಿಡೀಗೆ ಮಾತ್ರ ಕೊರೆದಿದ್ದೀನಿ ಕಣೆ. ಎತ್ತಿ ನೋಡು.”

ಎತ್ತಿದಳು. ನಿಜಕ್ಕೂ ಹಗುರವಾಗಿತ್ತು. ಆ ಮಾತನ್ನು ಅವಳು ಅವನಿಗೆ ಕೊನೆಯವರೆಗೂ ಹೇಳಲಿಲ್ಲ.

ತೂತು ಕೊರೆಯುವುದು ಯಾರಿಗೂ ಬಂದೀತು. ಅವನ ನಿಜವಾದ ಕಸಬು ಆಮೇಲೆ. ಮುಂದೆ ಲೆನ್ಸು, ಹಿಂದೆ ಬ್ಯಾಟರಿ, ನಡುವೆ ಹ್ಯಾಂಡಲ್. ಅವನ್ನು ಕೂದಲೆಳೆಯಷ್ಟು ಸರಿಸುತ್ತಾ, ಇಡೀ ರಿಗ್ ಒಂದು ಬೆರಳಿನ ಮೇಲೆ ಅಲುಗದೆ ನಿಲ್ಲುವವರೆಗೆ ಊಟ ಮುಟ್ಟುತ್ತಿರಲಿಲ್ಲ. ನಿಂತ ಮೇಲೆ ಕೊಳ್ಳಲು ಬಂದವನಿಗೆ ಪರೀಕ್ಷೆ. ರಿಗ್ ಭುಜದ ಮೇಲೆ, ರಿಗ್ಗಿನ ಮೇಲೆ ಕಂಠಮಟ್ಟ ನೀರಿನ ಲೋಟ. ಲೇತ್ ಅಂಗಡಿಯ ತಿರುವಿನವರೆಗೆ ಹೋಗಿ ಬರಬೇಕು. ತೂತಣ್ಣ ಪಕ್ಕದಲ್ಲಿ ನಡೆಯುತ್ತಾ ಒಂದೇ ಸಮನೆ ಹೇಳುತ್ತಿದ್ದ, “ಹಿಮ್ಮಡಿ ಮೊದಲು, ಬೆರಳು ಆಮೇಲೆ. ಮೊಣಕಾಲು ಸಡಿಲ ಬಿಡು. ಸೊಂಟದಿಂದ ಮೇಲೆ ನೀನು ಇಲ್ಲವೇ ಇಲ್ಲ ಅನ್ಕೋ.” ಒಂದು ಹನಿ ಬಿದ್ದರೆ ರಿಗ್ ಇಲ್ಲ. ಕಡಲಿನವನು ಚೆಲ್ಲಿದ ನೀರಿಗೆ ಬೀದಿಯಲ್ಲಿ ಹುಲ್ಲು ಬೆಳೆದು, ಎಲ್ಲಿಂದಲೋ ಒಂದು ಹಸು ಬಂದು ನೆಲೆಸಿತ್ತು.

ತೂತಣ್ಣ ಈರುಳ್ಳಿ ತರಲು ಹೋದರೂ ಅದೇ ನಡಿಗೆ. ತಲೆ ಕಪಾಟಿನಲ್ಲಿಟ್ಟ ಹಾಗೆ ಸ್ಥಿರ, ಕೆಳಗೆ ಕಾಲುಗಳು ಮಾತ್ರ ಬೆಕ್ಕಿನ ಹಾಗೆ ಹರಿಯುತ್ತಿದ್ದವು. “ನಮ್ಮನೆಗೆ ನೀವೇ ಕಳ್ಳನ ಥರ ಬರ್ತೀರಲ್ಲ,” ಎಂದು ಹೆಂಡತಿ ಮೊದಮೊದಲು ನಾಚುತ್ತಿದ್ದಳು. ಆಮೇಲೆ ಕಿಟಕಿಯಲ್ಲಿ ನಿಂತು ಕಾಯತೊಡಗಿದಳು.

ಹೊಸ ರಿಗ್ ಆದಾಗಲೆಲ್ಲ ಕ್ಯಾಮೆರಾದ ಮುಂದೆ ನಡೆಯುವ ಕೆಲಸ ಅವಳದು. ಅವಳು ಮುಂದೆ, ಅವನು ಹಿಂದೆ. ತೆಗೆದದ್ದನ್ನು ನೋಡಿ, ಅಲುಗಿಲ್ಲವೆಂದು ಖಾತ್ರಿಯಾದ ಮೇಲೆ ಅಳಿಸಿಬಿಡುತ್ತಿದ್ದ.

“ಯಾವಾಗ್ಲೂ ನಾನೇ ಮುಂದೆ,” ಅಂದಳು ಒಮ್ಮೆ. “ಒಂದು ಸಲ ನೀವು ನಡೀರಿ, ನಾನು ತೆಗೀತೀನಿ.”

ಅವನು ಅವಳ ಮಣಿಕಟ್ಟು ನೋಡಿದ. ಅವನ ರಿಗ್‌ಗಳಿಗೆಲ್ಲ ದಪ್ಪ ಕ್ಯಾನ್ವಾಸಿನ ಭುಜದಿಂಬು ಹೊಲಿದು ಹೊಲಿದು ಅದು ಊದಿಕೊಂಡಿತ್ತು. ತುಂಬಿದ ಚೊಂಬು ಎತ್ತಿದರೂ ಅವಳ ಮುಖ ಕಿವುಚಿಕೊಳ್ಳುತ್ತಿತ್ತು.

“ನಿನ್ನ ಕೈಗೆ ಆಗೋಂಥದ್ದು ಮಾಡ್ತೀನಿ,” ಅಂದ.

ಮಾಡಿದ. ಪ್ರತಿ ಸಲವೂ ಅದು ಎಷ್ಟು ಚೆಂದ ಬರುತ್ತಿತ್ತೆಂದರೆ ಯಾರಾದರೊಬ್ಬ ಗಿರಾಕಿ ಕಾಲು ಹಿಡಿದು, ಕಣ್ಣೀರು ಹಾಕಿ ಒಯ್ದುಬಿಡುತ್ತಿದ್ದ. “ಮುಂದಿನದು ನಿಂದು,” ಅನ್ನುತ್ತಿದ್ದ ತೂತಣ್ಣ. ಮುಂದಿನದು, ಅದರ ಮುಂದಿನದು ಎನ್ನುತ್ತಾ ಇಬ್ಬರ ತಲೆಯೂ ಬೆಳ್ಳಗಾಯಿತು. ಕೊನೆಗೆ ಒಂದನ್ನು ಮಾತ್ರ ಯಾರ ಕಣ್ಣಿಗೂ ಬೀಳದಂತೆ ಕರಿಬಟ್ಟೆ ಹೊದಿಸಿ ಇಟ್ಟ.

“ಹ್ಯಾಂಡಲ್ ಎಲ್ಲಿ ಕೂರ್ಬೇಕು ಅಂತ ಕೈ ಇಟ್ಟು ಹೇಳು,” ಅಂದ ಮೊನ್ನೆ ಸಂಜೆ. “ಒಂದು ಸ್ಕ್ರೂ ಬಿಗಿ ಮಾಡಿದ್ರೆ ಮುಗೀತು.”

ಅವಳು ಬಹಳ ಹೊತ್ತಿನಿಂದ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು. “ಈಗ ತಾನೇ ತುದಿ ಒಳಗೆ ಹೋಗ್ತಿದೆ. ನಾಳೆ ನೋಡೋಣ ಬಿಡಿ.”

ಮಾರನೆಯ ಬೆಳಿಗ್ಗೆ ಅವನು ಏಳಲಿಲ್ಲ. ಅವನ ಅಂಗಿ ಬದಲಿಸುವಾಗ ಜೇಬಿನಲ್ಲಿ ಸ್ಕ್ರೂ ತಿರುಗಿಸುವ ಬಾಗಿದ ಪುಟ್ಟ ಕಡ್ಡಿ ಅವಳ ಕೈಗೆ ಸಿಕ್ಕಿತು.

*

ಕೊನೆಗೆ ಕಾಡಿನವನೂ ಸುದ್ದಿಯವನೂ ಮನಸ್ಸು ಗಟ್ಟಿಮಾಡಿ ಪೆಟ್ಟಿಗೆಯ ಆಚೆ ಬದಿಗೆ ಹೋಗಿ ಎಡಭುಜ ಕೊಟ್ಟರು. ಪೆಟ್ಟಿಗೆ ಎದ್ದಿತು, ಹೊಸ್ತಿಲು ದಾಟಿತು. ಬೀದಿಗಿಳಿದದ್ದೇ ಕುಣಿಯತೊಡಗಿತು. ಎಡಭುಜಕ್ಕೆ ಭಾರ ಬಿದ್ದ ಕೂಡಲೇ ಇಬ್ಬರ ಕಾಲುಗಳೂ ಕಲಿತದ್ದನ್ನೆಲ್ಲ ಮರೆತಿದ್ದವು. ಒಂದು ಬದಿ ತೇಲುತ್ತಿತ್ತು, ಇನ್ನೊಂದು ಬದಿ ಕುಟ್ಟುತ್ತಿತ್ತು. ಒಳಗೆ ಸದ್ದಾಗುತ್ತಿತ್ತು.

“ನಿಲ್ಲಿ,” ಅಂದಳು ಹೆಂಡತಿ ಬಾಗಿಲಿನಿಂದ.

ಗಟ್ಟಿಯಾಗೇನೂ ಅನ್ನಲಿಲ್ಲ. ಆದರೂ ದೊಡ್ಡ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಕೂಡ ನಿಂತಿತು.

“ನೀರು ಚೆಲ್ತಾ ಇದೆ,” ಅಂದಳು.

ನಾಲ್ವರ ಬೆನ್ನುಗಳೂ ಒಟ್ಟಿಗೆ ನೆಟ್ಟಗಾದವು.

“ಹಿಮ್ಮಡಿ ಮೊದಲು, ಬೆರಳು ಆಮೇಲೆ. ಮೊಣಕಾಲು ಸಡಿಲ ಬಿಡಿ. ಯಾವ ಭುಜ ಆದ್ರೇನು, ಸೊಂಟದಿಂದ ಮೇಲೆ ನೀವು ಇಲ್ಲವೇ ಇಲ್ಲ ಅಂತ ಅವರು ಹೇಳಿರ್ಲಿಲ್ವಾ?”

“ಹೇಳಿದ್ರು ಅತ್ತಿಗೆ,” ಅಂದ ಸುದ್ದಿಯವನು, ಲೋಟ ಚೆಲ್ಲಿದ ದಿನದ ದನಿಯಲ್ಲಿ.

ಅವರು ನಡೆದರು. ಮೊದಲ ಹೆಜ್ಜೆ ತಡವರಿಸಿತು. ಎರಡನೆಯದು ಒಂದಿಷ್ಟು ಹರಿಯಿತು. ಮೂರನೆಯದು ಬೆಕ್ಕಿನ ಹಾಗೆ ಹರಿದಾಗ ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

“ಹಾಗೇ ಇರಿ,” ಅಂದಳು. “ಅಲ್ಲೇ ನಿಂತಿರಿ. ಬಂದೆ.”

ಒಳಗೆ ಹೋಗಿ ಕರಿಬಟ್ಟೆ ತೆಗೆದಳು. ರಿಗ್ ಅವಳ ಎರಡು ಬೊಗಸೆಯಷ್ಟಿತ್ತು. ಲೋಹಕ್ಕಿಂತ ತೂತೇ ಹೆಚ್ಚು. ಮುಂದೆ ಪುಟ್ಟ ಕ್ಯಾಮೆರಾ, ಬಿಸಿಲಿಗೆ ಪರದೆ ಕಾಣಲೆಂದು ಅವಳೇ ಹೊಲಿದ ಕಪ್ಪು ಮರೆ, ಹಿಂದೆ ಬ್ಯಾಟರಿ, ಮೇಲೆ ಸಡಿಲವಾಗಿ ಜಾರುವ ಹ್ಯಾಂಡಲ್. ಹ್ಯಾಂಡಲ್‌ನ ಕೆಳಗೆ ಬೆರಳಿಟ್ಟು ಎತ್ತಿದಳು. ಮೂತಿ ಕೆಳಗಾಯಿತು. ಮುಂದಕ್ಕೆ ಸರಿಸಿದಳು. ಬಾಲ ಕೆಳಗಾಯಿತು. ಕೂದಲೆಳೆಯಷ್ಟು ಹಿಂದಕ್ಕೆ. ನಿಂತಿತು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದ ಬಾಗಿದ ಕಡ್ಡಿ ಬಿಚ್ಚಿ ಸ್ಕ್ರೂ ಬಿಗಿ ಮಾಡಿದಳು.

“ಕೊಡಕ್ಕ, ನಾನು ಹಿಡ್ಕೋತೀನಿ,” ಅಂದ ಲೇತಿನವನು. “ನಿನ್ನ ಕೈ ತಡೆಯಲ್ಲ.”

“ಬೇಡ. ಇದು ನಂದು.”

ಎತ್ತಿ, ಮಣಿಕಟ್ಟಿನ ನೋವಿಗೆ ಕಾದಳು. ಅದು ಬರಲಿಲ್ಲ. ಕೈಯಲ್ಲಿ ನಿಜಕ್ಕೂ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕಾಯಿತು.

“ಎಷ್ಟು ಹಗುರ ಇದೆ ನೋಡಿ,” ಅಂದಳು, ಲೇತಿನವನಿಗಲ್ಲ.

ಹೊರಗೆ ಬಂದು ಬೀದಿಯ ನಡುವೆ ನಿಂತಳು. ಗುಂಡಿ ಒತ್ತಿದಳು. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಹೊತ್ತಿಕೊಂಡಿತು.

“ಈಗ ನಡೀರಿ. ಯಾರೂ ಹಿಂದೆ ತಿರುಗ್ಬೇಡಿ.”

ಕಪ್ಪು ಮರೆಯ ಒಳಗೆ, ಅಂಗೈಯಗಲದ ಬೆಳಕಿನಲ್ಲಿ, ನಾಲ್ಕು ಬೆನ್ನುಗಳು ಹೊರಟವು. ತಲೆಗಳು ಕಪಾಟಿನಲ್ಲಿಟ್ಟ ಹಾಗೆ ಸ್ಥಿರ. ಕೆಳಗೆ ಹಿಮ್ಮಡಿಗಳು ಒಂದೊಂದಾಗಿ ನೆಲಕ್ಕೆ ತಾಗಿ ಬೆರಳಿನತ್ತ ಹರಿದವು. ಈರುಳ್ಳಿ ಚೀಲವಿಲ್ಲದೆ, ಟೋಪಿಯಿಲ್ಲದೆ ತೂತಣ್ಣ ಬೀದಿಯುದ್ದಕ್ಕೂ ಮುಂದೆ ಮುಂದೆ ನಡೆದ. ಅವಳು ಹಿಂದೆ ಹಿಂದೆ ನಡೆದಳು. ಲೇತ್ ಅಂಗಡಿಯ ತಿರುವಿನಲ್ಲಿ, ಲೋಟ ಹೊತ್ತವರೆಲ್ಲ ಮಾಡುತ್ತಿದ್ದ ಹಾಗೆ, ನಾಲ್ವರೂ ಉಸಿರು ಹಿಡಿದು ಮೊದಲು ಸೊಂಟ ತಿರುಗಿಸಿದರು. ಪೆಟ್ಟಿಗೆ ಕಂಠಮಟ್ಟ ತುಂಬಿದ ನೀರಿನಂತೆ ಮೆಲ್ಲಗೆ ಹೊರಳಿ, ಒಂದು ಹನಿಯೂ ಚೆಲ್ಲದೆ, ಪರದೆಯ ಅಂಚು ದಾಟಿತು.