ತಿಳಿಸಬೇಕಾದವರು

"ಹಾಗಾದ್ರೆ ನಾನು ಯಾರು?" ಎಂದು ಚಿಕ್ಕಮ್ಮ ಕೇಳಿದಳು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಕಾನೂನಿನ ಪ್ರಕಾರ ನೀವು ಹುಡುಗಿಯ ತಂದೆಯ ಹೆಂಡತಿ, ಅಷ್ಟೇ. ಹದಿನೆಂಟು ತುಂಬದ ಹುಡುಗಿಗೆ ಗರ್ಭ ತೆಗೀಬೇಕಾದ್ರೆ ಹೆತ್ತ ತಾಯಿಗಾಗಲಿ ತಂದೆಗಾಗಲಿ ತಿಳಿಸಲೇಬೇಕು. ಅವರು ಒಪ್ಪಬೇಕು ಅಂತೇನಿಲ್ಲ. ಬೇಡ ಅಂದ್ರೂ ನಾವು ಮಾಡಬಹುದು. ಆದ್ರೆ ಅವರಿಗೆ ಗೊತ್ತಿರಬೇಕು."

"ಅವರಿಗೆ ಗೊತ್ತಾಗೋದೇ ಅಲ್ವಾ ಡಾಕ್ಟ್ರೇ ತೊಂದ್ರೆ!"

ಪಕ್ಕದ ಕುರ್ಚಿಯಲ್ಲಿ ಆ ಹುಡುಗಿ, ಗುಬ್ಬಿ, ಶಾಲೆಯ ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದಳು. ಅವಳಿಗೆ ಹದಿನೈದು. ಜೊತೆಗೆ ಓದುತ್ತಿದ್ದವನೊಬ್ಬ ಕಾರಣ. ವಿಷಯ ತಿಳಿಯುವ ಮುಂಚೆಯೇ ಅವನ ಮನೆಯವರು ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಅವನನ್ನು ಬೈದು ಈಗ ಏನೂ ಗಿಟ್ಟುವಂತಿರಲಿಲ್ಲ.

ಚಿಕ್ಕಮ್ಮ ಎರಡನೇ ಹೆಂಡತಿಯಾಗಿ ಆ ಮನೆಗೆ ಕಾಲಿಟ್ಟಾಗ ಗುಬ್ಬಿ ಇನ್ನೂ ಹಾಸಿಗೆ ಒದ್ದೆ ಮಾಡುವ ಮಗು. ಬೆಳಗಾದರೆ ಬಟ್ಟೆಯನ್ನು ಮಂಚದ ಕೆಳಗೆ ಬಚ್ಚಿಟ್ಟು, ತಾನೂ ಅಲ್ಲೇ ಬಚ್ಚಿಟ್ಟುಕೊಳ್ಳುತ್ತಿತ್ತು. ಚಿಕ್ಕಮ್ಮ ಒಂದು ಮಾತೂ ಆಡದೆ ಒಗೆದು ಒಣಹಾಕುತ್ತಿದ್ದಳು. ಅವಳ ಕೆಲಸವೇ ಅದು: ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವುದು. ಊರವರ ಕಲೆಗಳನ್ನೆಲ್ಲ ನೋಡಿದವಳಿಗೆ ಮಗುವಿನದೊಂದು ಯಾವ ಲೆಕ್ಕ! ಹೆರದಿದ್ದರೂ ಮಲತಾಯಿ ಅನ್ನಿಸಿಕೊಳ್ಳದ ಹಾಗೆ ಸಾಕಿದ್ದಳು.

ಗುಬ್ಬಿಯ ಅಪ್ಪ ಬಸ್ ಡಿಪೋದಲ್ಲಿ ರಿಪೇರಿ ಕೆಲಸದ ಮೇಸ್ತ್ರಿ. ದುಡಿಯುವವ, ಕುಡಿಯದವ, ನಾಲ್ಕು ಜನರ ಮುಂದೆ ನಗುನಗುತ್ತಾ ಮಾತಾಡುವವ. ಆದರೆ ಮನೆಯ ಬಾಗಿಲು ಹಾಕಿಕೊಂಡರೆ ಬೇರೆಯೇ ಮನುಷ್ಯ. ಹೊಡೆದ ಮೇಲೆ ತಾನೇ ಅಳುವ ಜಾತಿ. ಗುಬ್ಬಿಯನ್ನು ಹೆತ್ತ ಮೊದಲ ಹೆಂಡತಿಯ ಒಂದು ಕಿವಿ ಅವನ ಏಟಿಗೆ ಕಿವುಡಾಗಿತ್ತು; ಅವಳು ಒಂದು ದಿನ ಮಗುವನ್ನು ಬಿಟ್ಟು ಓಡಿಹೋಗಿದ್ದಳು. ಗುಬ್ಬಿ ಕಿಟಕಿಯಲ್ಲಿ ನಿಂತು ಯಾರ ಜೊತೆಗೋ ಮಾತಾಡಿದಳೆಂದು ಆ ಕಿಟಕಿಗೆ ಹಲಗೆ ಹೊಡೆದಿದ್ದ. ಮಾತಿಗೇ ಹೀಗಾದರೆ, ಇದಕ್ಕೆ?

"ಕಳೆದ ವರ್ಷ ಹೀಗೇ ಒಂದು ಹುಡುಗಿಯನ್ನ ಕರಕೊಂಡು ಒಬ್ಬಳು ಬಂದಿದ್ಲು," ಎಂದರು ಡಾಕ್ಟರಮ್ಮ, ದನಿ ತಗ್ಗಿಸಿ. "ನಾನು ಸೋದರತ್ತೆ, ಸಾಕಿದವಳು ನಾನೇ ಅಂದ್ಲು. ನಂಬಿದ್ವಿ. ಆಮೇಲೆ ನೋಡಿದ್ರೆ ಆ ಹೆಂಗಸಿನ ಗಂಡನೇ ಹುಡುಗಿಯನ್ನ ಕೆಡಿಸಿದ್ದ. ತಾಯಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಆ ಮಗು ಮತ್ತೆ ಆ ಮನೆಗೆ ಹೋಗ್ತಿರ್ಲಿಲ್ಲ. ಅದಕ್ಕೇ ಈ ಬಿಗಿ."

ಅದೂ ಸುಳ್ಳಲ್ಲ. ಬೇಲಿ ಇರಬೇಕಾದದ್ದೇ, ಆದರೆ ಹುಲಿ ಬೇಲಿಯ ಒಳಗೇ ಇದ್ದರೆ?

ಹೆತ್ತವರಿಗೆ ತಿಳಿಸದೆ ಮಾಡಲು ನ್ಯಾಯಾಧೀಶರ ಅಪ್ಪಣೆ ಕೇಳಬಹುದಿತ್ತು. ಕೋರ್ಟಿಗೆ ರಜೆ. ಅದು ತೆರೆಯುವಷ್ಟರಲ್ಲಿ ಕಾಲ ಮೀರಿರುತ್ತದೆ ಎಂದರು ಡಾಕ್ಟರಮ್ಮ. ಉಳಿದದ್ದು ಹೆತ್ತವಳು.

ಹೆತ್ತವಳು ಎಲ್ಲಿದ್ದಾಳೆಂದು ಚಿಕ್ಕಮ್ಮನಿಗೆ ತಿಳಿದಿತ್ತು. ಇಸ್ತ್ರಿ ಕೋಣೆಯ ಹಿರಿಯಳು, ಎಲ್ಲರೂ ದೊಡ್ಡಕ್ಕ ಎನ್ನುವವಳು, ಊರಾಚೆಯ ಕನ್ನಡಕದಂಗಡಿಯಲ್ಲಿ ಅವಳನ್ನು ನೋಡಿ ಬಂದು ಕಿವಿಯಲ್ಲಿ ಹೇಳಿದ್ದಳು. ಚಿಕ್ಕಮ್ಮ ಆ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಈಗ ಆಸ್ಪತ್ರೆಯಿಂದ ಗುಬ್ಬಿಯನ್ನು ಕರೆದುಕೊಂಡು ನೇರ ಅಲ್ಲಿಗೇ ಬಸ್ಸು ಹತ್ತಿದಳು.

ಅಂಗಡಿಯ ಗೋಡೆ ತುಂಬ ಕನ್ನಡಿಗಳು. ಕೌಂಟರಿನ ಹಿಂದೆ ನಿಂತಿದ್ದ ಹೆಂಗಸು ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಕೇಳುವ ಕಿವಿಯನ್ನು ಮುಂದೆ ಮಾಡಿ, ನಗುತ್ತಾ ಕೇಳಿದಳು: "ಬನ್ನಿ, ಕನ್ನಡಕ ಯಾರಿಗೆ? ಈ ಹುಡುಗಿಗಾ?"

ಗುಬ್ಬಿ ತಾಯಿಯ ಮುಖವನ್ನು ಮೂರು ಕನ್ನಡಿಗಳಲ್ಲಿ ನೋಡುತ್ತಿದ್ದಳು, ನೇರವಾಗಿ ಮಾತ್ರ ನೋಡಲಿಲ್ಲ.

"ಇವಳು ಗುಬ್ಬಿ," ಎಂದಳು ಚಿಕ್ಕಮ್ಮ.

ನಗು ಹಾಗೇ ಉಳಿಯಿತು, ಬಣ್ಣ ಮಾತ್ರ ಇಳಿಯಿತು. ಹೆಂಗಸು ಒಳಗೆ ಇಣುಕಿ ನೋಡಿದಳು. ಪರದೆಯ ಹಿಂದೆ ಅವಳ ಈಗಿನ ಗಂಡ ಯಾರಿಗೋ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದ. ಇಬ್ಬರನ್ನೂ ಕೈಹಿಡಿದು ಹಿಂದಿನ ಚಿಕ್ಕ ಕೋಣೆಗೆ ಎಳೆದುಕೊಂಡು ಹೋದಳು. ಗಾಜು ಉಜ್ಜುವ ಯಂತ್ರದ ಸದ್ದಿನಲ್ಲಿ ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು.

"ಒಂದ್ಸಲ ಆಸ್ಪತ್ರೆಗೆ ಬನ್ನಿ ಅಕ್ಕ. ನನಗೆ ತಿಳೀತು ಅಂತ ಸಹಿ ಹಾಕಿ. ಆಮೇಲೆ ನಿಮ್ಮ ತಂಟೆಗೆ ಬರಲ್ಲ, ಆಣೆ."

"ಸಹಿ ಹಾಕಿದ್ರೆ ನನ್ನ ವಿಳಾಸವೂ ಬರೀಬೇಕು," ಎಂದಳು ಹೆತ್ತವಳು. "ಅಪ್ಪ ಅಂತ ಅವನು ಹೋಗಿ ಕೇಳಿದ್ರೆ ಆ ಕಾಗದ ತೋರಿಸ್ತಾರೆ. ನಾನೆಲ್ಲಿದ್ದೀನಿ ಅಂತ ಇಷ್ಟು ವರ್ಷ ಅವನಿಗೆ ಗೊತ್ತಿಲ್ಲ. ಅದೊಂದರಿಂದಲೇ ನಾನು ಬದುಕಿರೋದು. ನಿನಗೆ ಗೊತ್ತಿಲ್ವಾ ಅವನ ಕೈ?"

"ಗೊತ್ತು. ಅದಕ್ಕೇ ಬಂದಿರೋದು."

"ಇಲ್ಲಿ ಇವರಿಗೂ ಇವಳ ವಿಷಯ ಗೊತ್ತಿಲ್ಲ. ಒಂದು ಮಗು ಇತ್ತು, ತೀರಿಹೋಯ್ತು ಅಂತ ಹೇಳಿಬಿಟ್ಟಿದ್ದೀನಿ."

ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಡಿದ ಮಾತು ಒಡೆದ ಗಾಜು, ಕೂಡಿಸಲಾಗುತ್ತದೆಯೇ? ಗುಬ್ಬಿ ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಬಾ ಚಿಕ್ಕಮ್ಮ. ಸತ್ತೋದವಳಿಗೆ ಯಾರ ಸಹಿಯೂ ಬೇಡ."

ಬಸ್ ನಿಲ್ದಾಣದಲ್ಲಿ ಗುಬ್ಬಿ ಅಳಲಿಲ್ಲ. ಅತ್ತಿದ್ದರೆ ಚಿಕ್ಕಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಬಸ್ಸಿನ ದಾರಿ ನೋಡುತ್ತಲೇ, "ಮಾರ್ಕೆಟ್ ಹಿಂದೆ ಗರ್ಭ ತೆಗೆಯೋಳು ಒಬ್ಬಳು ಇದಾಳಂತೆ. ಯಾರನ್ನೂ ಏನೂ ಕೇಳಲ್ವಂತೆ," ಎಂದಳು.

ಇಸ್ತ್ರಿ ಕೋಣೆಯಲ್ಲಿ ಚಿಕ್ಕಮ್ಮನ ಪಕ್ಕದ ಮೇಜಿನಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ಹಾಗೆ ಯಾರದೋ ಹಿತ್ತಿಲ ಬಾಗಿಲಿಗೆ ಹೋಗಿ ಬಂದವಳು ಜ್ವರದಲ್ಲಿ ಬೆಂದು ಸತ್ತಿದ್ದಳು.

"ಅಲ್ಲಿಗೆ ಹೋದ್ರೆ ನನ್ನ ಹೆಣದ ಮೇಲೆ ಹೋಗು."

"ಮತ್ತೇನು ಮಾಡ್ಲಿ? ಅಪ್ಪನಿಗೆ ಹೇಳ್ತೀಯಾ? ಹೇಳಿದ್ರೆ ನಾನು ಮನೆಗೆ ಬರಲ್ಲ, ಸಾಯ್ತೀನಿ."

ಅತ್ತ ದರಿ, ಇತ್ತ ಪುಲಿ. ಎದುರಿನ ರಸ್ತೆಯಲ್ಲಿ ಬಸ್ಸುಗಳು ಬಂದವು, ಹೋದವು. ಕೊನೆಗೆ ಚಿಕ್ಕಮ್ಮ ಹುಡುಗಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಮನೆಗೆ ಬರಬೇಡ. ನಾನೂ ಹೋಗಲ್ಲ. ಆದ್ರೆ ಅವನಿಗೆ ಹೇಳ್ತೀನಿ. ಬಾಗಿಲು ಹಾಕಿದ ಮನೇಲಲ್ಲ, ಹಾಡುಹಗಲೇ, ಎಲ್ಲರ ಮುಂದೆ."

ಗುಬ್ಬಿಯನ್ನು ದೊಡ್ಡಕ್ಕನ ಮನೆಗೆ ಕರೆದೊಯ್ದು ತಾನೂ ರಾತ್ರಿ ಅಲ್ಲೇ ಉಳಿದಳು. ಮರುದಿನ ಆಸ್ಪತ್ರೆಯ ನರ್ಸೊಬ್ಬಳನ್ನು ಜೊತೆಗೆ ಕರೆದುಕೊಂಡು ಡಿಪೋಗೆ ಹೋದಳು; ತಿಳುವಳಿಕೆಯ ಕಾಗದವನ್ನು ಆಸ್ಪತ್ರೆಯವರೇ ಕೈಯಾರೆ ಕೊಡಬೇಕಿತ್ತು.

ಮೇಸ್ತ್ರಿ ಬಸ್ಸಿನ ಅಡಿಯ ಗುಂಡಿಯಲ್ಲಿ ನಿಂತು ನಟ್ಟು ಬಿಗಿಯುತ್ತಿದ್ದ. ಸುತ್ತ ಕೆಲಸಗಾರರು ಊಟದ ಡಬ್ಬಿ ಬಿಚ್ಚಿ ಕೂತಿದ್ದರು.

"ಓಹೋ, ಮನೆಯವರು ಬಂದಿದಾರೆ! ಮೇಸ್ತ್ರಿ, ರಾತ್ರಿಯೆಲ್ಲ ಎಲ್ಲೋ ಕಳಕೊಂಡೆ ಅಂತಿದ್ರಲ್ಲ, ಸಿಕ್ರು ನೋಡಿ!" ಎಂದು ಒಬ್ಬ ತಮಾಷೆ ಮಾಡಿದ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ.

ನರ್ಸು ಬಗ್ಗಿ ಕಾಗದ ಕೊಟ್ಟಳು. ಅವನು ಓದಿದ. ಎರಡನೇ ಸಲ ಓದಿದ. ಎಣ್ಣೆಯ ಕೈಯಲ್ಲೇ ಸಹಿ ಹಾಕಿದ. ಅಷ್ಟು ಜನರ ಮುಂದೆ ಬೇರೇನು ಮಾಡಿಯಾನು? ಮೇಲಕ್ಕೆ ನೋಡಿದಾಗ ಮುಖದಲ್ಲಿ ಇನ್ನೂ ನಗುವಿತ್ತು.

"ಸಂಜೆ ಇಬ್ಬರೂ ಮನೆಗೆ ಬನ್ನಿ," ಎಂದ, ಬೆಣ್ಣೆಯಂಥ ದನಿಯಲ್ಲಿ.

ಆ ದನಿಯನ್ನು ಚಿಕ್ಕಮ್ಮ ಬಲ್ಲಳು. ಗೇಟು ದಾಟುವವರೆಗೆ ಹೇಗೋ ನಡೆದಳು, ಆಮೇಲೆ ನರ್ಸಿನ ತೋಳು ಹಿಡಿದುಕೊಂಡಳು.

ಗುಬ್ಬಿಗೆ ಆಗಬೇಕಾದ್ದು ಆಸ್ಪತ್ರೆಯಲ್ಲಿ ತೊಂದರೆಯಿಲ್ಲದೆ ಆಯಿತು. ಡಾಕ್ಟರಮ್ಮ ಅವಳ ತಲೆ ನೇವರಿಸಿ, "ಇನ್ನು ಹೆದರಬೇಡ," ಎಂದರು. ಹೆದರಿಕೆ ಅದಾಗಲೇ ಹೊರಗೆ ಕಾಯುತ್ತಿತ್ತು. ಕೆಲಸ ಮುಗಿಸಿ ಹೊರಬಂದ ಚಿಕ್ಕಮ್ಮನನ್ನು ಮೇಸ್ತ್ರಿ ಹೋಟೆಲಿನ ಹಿಂಬಾಗಿಲಲ್ಲಿ ಹಿಡಿದ. ಅವಳ ಮಣಿಕಟ್ಟು ಮುರಿದ ಮೇಲೆ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು, "ನನ್ನ ಮಗಳನ್ನ ನನಗೆ ಕೊಡು," ಎಂದು ಅತ್ತ. ದೊಡ್ಡಕ್ಕ ಕೂಗಿದ ಕೂಗಿಗೆ ಅಡುಗೆಯವರು ಓಡಿ ಬಂದರು, ಪೊಲೀಸರೂ ಬಂದರು.

ಪೊಲೀಸರ ಹಿಂದೆ ಮಕ್ಕಳ ರಕ್ಷಣೆಯ ಅಧಿಕಾರಿಣಿ ಬಂದಳು. ಒಳ್ಳೆಯ ಹೆಂಗಸೇ. ಅಪ್ಪನ ಹತ್ತಿರ ಹುಡುಗಿಯನ್ನು ಕಳಿಸುವುದಿಲ್ಲ ಎಂದು ಮೊದಲೇ ಹೇಳಿದಳು. ಚಿಕ್ಕಮ್ಮ ಕೈಮುಗಿದಳು, ಪಟ್ಟಿ ಕಟ್ಟಿದ ಕೈಯಲ್ಲೇ.

"ನಿಮ್ಮ ಹತ್ರವೂ ಬಿಡೋಕಾಗಲ್ಲಮ್ಮ," ಎಂದಳು ಅಧಿಕಾರಿಣಿ. "ನೀವು ಗಂಡನ್ನ ಬಿಟ್ಟು ಬಂದಿದ್ದೀರಿ. ಇನ್ನು ಈ ಹುಡುಗಿಗೂ ನಿಮಗೂ ಕಾಗದದಲ್ಲಿ ಯಾವ ಸಂಬಂಧವೂ ಇಲ್ಲ. ಹಾಸ್ಟೆಲಿನಲ್ಲಿ ಇರ್ತಾಳೆ. ಭಾನುವಾರ ಬಂದು ನೋಡಬಹುದು."

ಚಿಕ್ಕಮ್ಮ ಗೋಗರೆದಳು. ಕಾಲು ಹಿಡಿಯಲು ಬಗ್ಗಿದಳು. ಅಧಿಕಾರಿಣಿ ಕಣ್ಣು ಒರೆಸಿಕೊಂಡಳೇ ಹೊರತು ಮಾತು ಬದಲಿಸಲಿಲ್ಲ. ಜೀಪು ಹೊರಟಾಗ ಗುಬ್ಬಿ ಕಿಟಕಿಯಿಂದ ಮೈಯೆಲ್ಲ ಹೊರಚಾಚಿ, "ನೀನು ಹೇಳದೇ ಇದ್ದಿದ್ರೆ!" ಎಂದು ಕೂಗಿದಳು. ಅದು ಬೈಗುಳವೋ ದುಃಖವೋ ಚಿಕ್ಕಮ್ಮನಿಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಮೊದಲ ಭಾನುವಾರ ಗುಬ್ಬಿ ಕೆಳಗಿಳಿದು ಬರಲೇ ಇಲ್ಲ. ಎರಡನೆಯ ಭಾನುವಾರ ಬಂದಳು, ದೂರದ ಬೆಂಚಿನಲ್ಲಿ ಕೂತಳು. ಮೂಗು ಸೋರುತ್ತಿತ್ತು. ಚಿಕ್ಕಮ್ಮ ಕರವಸ್ತ್ರ ಚಾಚಿದಳು. ಪಟ್ಟಿ ಕಟ್ಟಿದ ಕೈ ಅಷ್ಟು ದೂರಕ್ಕೆ ಎಟುಕಲಿಲ್ಲ. ಗುಬ್ಬಿ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು.

"ನೋಯ್ತಿದೆಯಾ?"

"ಇಸ್ತ್ರಿ ಪೆಟ್ಟಿಗೆ ಎತ್ತೋಕಾಗಲ್ಲ. ಮಡಿಸೋ ಕೆಲಸಕ್ಕೆ ಹಾಕಿದಾರೆ."

ಗುಬ್ಬಿ ಎದ್ದು ಬಂದು ಪಕ್ಕದಲ್ಲಿ ಕೂತಳು, ಕರವಸ್ತ್ರ ತೆಗೆದುಕೊಂಡಳು. ಭೇಟಿ ಮುಗಿಯುವ ಗಂಟೆ ಹೊಡೆದಾಗ ಅದನ್ನು ಮಡಿಸಿ ತನ್ನ ಬಳಿಯೇ ಇಟ್ಟುಕೊಂಡಳು.