ಒಲೆ ಗೆದ್ದರು, ಎದ್ದು ಬರಲಿಲ್ಲ

ಅಯೋವಾದ ಜೋಳದ ಹೊಲಗಳ ನಡುವೆ ಟಾರ್ವಿಗ್ ವಿಶ್ವವಿದ್ಯಾಲಯ ಹುಟ್ಟಿದ್ದು ವಿದ್ಯೆಗಾಗಿ ಅಲ್ಲ, ಒಂದು ಒಲೆಗಾಗಿ. 1887ರ ಚಳಿಗಾಲದಲ್ಲಿ ಪಾದ್ರಿ ಟಾರ್ವಿಗ್ ಚರ್ಚಿನೊಳಗೆ ಕಬ್ಬಿಣದ ಒಲೆ ಇಡಿಸಿದರು. "ಬೆಚ್ಚಗೆ ಕೂತು ದೇವರನ್ನ ನೆನೆಯೋದು ಪಾಪ. ಮೈ ಕಾಯಿಸ್ಕೊಳ್ಳೋಕೆ ನರಕ ಇದ್ದೇ ಇದೆಯಲ್ಲ" ಎಂದ ಪಾದ್ರಿ ಹೆಡ್‌ಬರ್ಗ್, ಅರ್ಧ ಊರನ್ನು ಕಟ್ಟಿಕೊಂಡು ಹನ್ನೊಂದು ಮೈಲಿ ಆಚೆ ಹೋಗಿ ತಮ್ಮ ಹೆಸರಿನದೇ ಒಂದು ಕಾಲೇಜು ತೆರೆದರು. ಟಾರ್ವಿಗ್ ಕಡೆಯವರು ಸುಮ್ಮನಿರುತ್ತಾರೆಯೇ? ನೇರವಾಗಿ ವಿಶ್ವವಿದ್ಯಾಲಯವನ್ನೇ ತೆರೆದರು. ಮೊದಲ ವರ್ಷ ಏಳು ವಿದ್ಯಾರ್ಥಿಗಳು, ಒಂದು ಹಸು. ಅದರಲ್ಲಿ ಪರೀಕ್ಷೆಗೆ ಹೆದರದಿದ್ದದ್ದು ಹಸು ಮಾತ್ರ.

ಅಂದಿನಿಂದ ಎರಡೂ ಕಡೆಯವರು ವರ್ಷಕ್ಕೊಮ್ಮೆ ಆ ಒಲೆಗಾಗಿ ಫುಟ್ಬಾಲ್ ಆಡುತ್ತಾರೆ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕದ ಫುಟ್ಬಾಲ್. ಗೆದ್ದವರು ಒಲೆ ಹೊತ್ತೊಯ್ಯಬೇಕು. ಟಾರ್ವಿಗ್ ತಂಡ ಸತತ ಇಪ್ಪತ್ತೆರಡು ವರ್ಷ ಸೋತಿತ್ತು. ಒಲೆಯೇ ಬೇಡವೆಂದು ಊರು ಬಿಟ್ಟವರ ಅಂಗಳದಲ್ಲಿ ಒಲೆ. ಅದರೊಳಗೆ ಮಣ್ಣು ತುಂಬಿ ಅವರು ನೇರಳೆ ಬಣ್ಣದ ಹೂ ಬೆಳೆಸಿದ್ದರು. ಅವಮಾನಕ್ಕೆ ನೀರು ಹಾಕಿ ಬೆಳೆಸುವುದೆಂದರೆ ಇದೇ.

ಟಾರ್ವಿಗ್‌ನ ಕೋಚ್ ವೆಂಡಲ್ ಓಸ್ಟ್‌ಬಿ. ವಯಸ್ಸು ಐವತ್ತಾರು, ಮಂಡಿ ತೊಂಬತ್ತರದು. ಸಣ್ಣ ವಿಶ್ವವಿದ್ಯಾಲಯವಾದ್ದರಿಂದ ಆತನೇ ಬಸ್ಸು ಓಡಿಸುತ್ತಿದ್ದ. ಆತನೇ 'ಟಾರ್ವಿಗ್ ಪರಂಪರೆ' ಎಂಬ ಕಡ್ಡಾಯ ಪಾಠವನ್ನೂ ಮಾಡುತ್ತಿದ್ದ. ಪಾದ್ರಿ ಟಾರ್ವಿಗ್ ಬರೆದಿಟ್ಟ ನಲವತ್ತಾರು ನಿಯಮಗಳು ಅವನಿಗೆ ಬಾಯಿಪಾಠ. ಹನ್ನೆರಡನೆಯದು: ಗೆದ್ದ ಒಲೆ ಅದೇ ಸಂಜೆ ಆರರ ಗಂಟೆಗೆ ಮುಂಚೆ ನಮ್ಮ ಗೇಟಿನೊಳಗೆ ಬರಬೇಕು, ಇಲ್ಲವಾದರೆ ಗೆಲುವು ಗೆಲುವಲ್ಲ. ಮೂವತ್ತೊಂದನೆಯದು: ಆಡಳಿತ ಮಂಡಳಿಯ ಸಭೆ ಕೊನೆಯ ಮನುಷ್ಯ ಬಾಗಿಲು ದಾಟುವವರೆಗೂ ಸಭೆಯೇ; ಅಲ್ಲಿಯವರೆಗೆ ಅಧ್ಯಕ್ಷರ ಬಾಯಿಂದ ಬಂದದ್ದೆಲ್ಲ ನಿರ್ಣಯ. ಈ ಪಾಠ ಕೇಳುತ್ತಾ ನೂರಾರು ಮಕ್ಕಳು ಸುಖವಾಗಿ ನಿದ್ದೆ ಮಾಡಿದ್ದರು.

ಆ ವರ್ಷದ ಪಂದ್ಯಕ್ಕೆ ಮೂರು ದಿನ ಮೊದಲು ಮಂಡಳಿಯ ಅಧ್ಯಕ್ಷ ರೋಲಂಡ್ ಕ್ವಿಸ್ಟ್ ಅವನನ್ನು ಕರೆಸಿದ. ಜೋಳ ತುಂಬುವ ತಗಡಿನ ಕಣಜ ಮಾರಿ ದೊಡ್ಡವನಾದ ಆಸಾಮಿ. ಮಾತಾಡಿದರೆ ಖಾಲಿ ಕಣಜದ ಹಾಗೆ ಶಬ್ದ.

"ನೋಡು ವೆಂಡಲ್, ಶನಿವಾರ ಒಲೆ ತಂದ್ಯೋ, ಫುಟ್ಬಾಲ್ ಇರುತ್ತೆ. ಇಲ್ವೋ, ಫುಟ್ಬಾಲ್ ಮುಚ್ಚಿ ಮೀನು ಹಿಡಿಯೋ ತಂಡ ಕಟ್ತೀವಿ."

"ಮೀನು ಹಿಡಿಯೋದಾ?"

"ಹೂಂ. ಕಾಲು ಮುರಿಯಲ್ಲ, ಹೆಲ್ಮೆಟ್ ಬೇಡ. ನನ್ನ ಕೆರೆ ಹೇಗಿದ್ರೂ ಇದೆ."

"ಮತ್ತೆ ನಾನು?"

"ನಿಂಗೆ ಈಜು ಬರುತ್ತಾ?"

ಶನಿವಾರ ಹೆಡ್‌ಬರ್ಗ್ ಮೈದಾನದಲ್ಲಿ ಪಂದ್ಯ. ತಂಡದ ನಾಯಕ ಕಿಪ್ ಲುಂಡ್‌ಗಾರ್ಡ್ ಸಾಮಾನ್ಯವಾಗಿ ಮಾತಾಡುವವನಲ್ಲ, ಡೈಲಾಗ್ ಹೊಡೆಯುವವನು. ಬಸ್ಸಿನಿಂದ ಇಳಿದವನೇ ಹೂಕುಂಡವಾಗಿದ್ದ ಒಲೆಯನ್ನು ದಿಟ್ಟಿಸಿ, "ಇವತ್ತು ಒಲೆ ನಮ್ದು, ಉರಿ ಅವರ್ದು!" ಎಂದ.

"ಮೊದ್ಲು ಶೂ ಲೇಸ್ ಕಟ್ಕೋ, ಹೀರೋ" ಎಂದ ವೆಂಡಲ್.

ಕೊನೆಯ ಆರು ಸೆಕೆಂಡಿನಲ್ಲಿ ಕಿಪ್ ಒದ್ದ ಚೆಂಡು ಕಂಬಕ್ಕೆ ಬಡಿದು, ಒಂದು ಕ್ಷಣ ಯೋಚಿಸಿ, ಒಳಗೆ ಬಿತ್ತು. ಟಾರ್ವಿಗ್ ಹತ್ತು, ಹೆಡ್‌ಬರ್ಗ್ ಏಳು. ಗೆದ್ದರು! ವೆಂಡಲ್ ಅತ್ತ. ಕಿಪ್ ತನ್ನ ಹೆಲ್ಮೆಟ್‌ಗೇ ಮುತ್ತಿಟ್ಟ. ಸಮಯ ಮೂರೂವರೆ. ಒಲೆಯಿಂದ ಹೂಗಿಡ ಕಿತ್ತು, ಎಂಟು ಜನ ಹೊತ್ತು, ಬಸ್ಸಿನ ಹಿಂಬದಿಗೆ ಏರಿಸಿದಾಗ ಮೂರು ಐವತ್ತು. ಊರಿಗೆ ಇಪ್ಪತ್ತು ನಿಮಿಷದ ದಾರಿ. ಇಲ್ಲೇ 'ಶುಭಂ' ಹಾಕಬಹುದಿತ್ತು.

ಅಷ್ಟರಲ್ಲಿ ಆರ್ಡಿಸ್ ಅಜ್ಜಿಯ ಎಂಟ್ರಿ. ಹೆಡ್‌ಬರ್ಗ್ ಚರ್ಚಿನ ಅಡುಗೆಮನೆಯನ್ನು ನಲವತ್ತು ವರ್ಷದಿಂದ ಆಳುತ್ತಿರುವ ಮಹಾರಾಣಿ. ಕೈಯಲ್ಲಿ ಸೌಟು, ಮುಖದಲ್ಲಿ ಹಾಲಿನಂಥ ನಗು.

"ಹೊರಟೇಬಿಟ್ರಾ? ಒಂದು ಲೋಟ ಕಾಫಿ ಕುಡ್ಕೊಂಡು ಹೋಗ್ರಪ್ಪಾ."

"ಬೇಡಜ್ಜಿ, ಲೇಟಾಗುತ್ತೆ."

"ಹೌದೌದು, ಗೆದ್ದೋರಿಗೆ ನಮ್ಮ ಕಾಫಿ ಎಲ್ಲಿ ರುಚಿಸುತ್ತೆ."

ಮುಗಿಯಿತು. ಆ ಸೀಮೆಯಲ್ಲಿ ಮನುಷ್ಯನನ್ನು ಕೆಡವಲು ಕೋವಿ ಬೇಡ, ಇಂಥದ್ದೊಂದು ಮಾತು ಸಾಕು. ವೆಂಡಲ್ ತಂಡದೊಂದಿಗೆ ಚರ್ಚಿನ ನೆಲಮಾಳಿಗೆಗೆ ಇಳಿದ. ಕಾಫಿಯ ಹಿಂದೆ ಮಾಂಸ, ಆಲೂಗಡ್ಡೆ ಬೇಯಿಸಿದ ಹಾಟ್‌ಡಿಶ್ ಬಂತು. ಅದರ ಹಿಂದೆ ನಿಂಬೆಯ ಸಿಹಿ ತುಂಡುಗಳು.

ನಾಲ್ಕೂ ನಲವತ್ತಕ್ಕೆ ವೆಂಡಲ್ ಎರಡೂ ತೊಡೆಗೆ ಪಟ್ಟೆಂದು ಹೊಡೆದು, "ಸರಿ, ಇನ್ನು..." ಎಂದ. ಅಲ್ಲಿ ಹೊರಡುವುದೆಂದರೆ ಹಾಗೆಯೇ: ಮೊದಲು ತೊಡೆ ತಟ್ಟಬೇಕು, ಆಮೇಲೆ ಬಾಗಿಲಲ್ಲಿ ಒಂದು ಸುತ್ತು ಮಾತು, ಮೆಟ್ಟಿಲ ಮೇಲೆ ಒಂದು, ಗಾಡಿಯ ಕಿಟಕಿಯಲ್ಲಿ ಇನ್ನೊಂದು. ಯಾವುದಾದರೂ ಒಂದನ್ನು ಬಿಟ್ಟವನನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

"ಕೂತ್ಕೋ ಕೋಚ್, ತಟ್ಟೇಲಿ ಕೊನೇ ತುಂಡು ಉಳಿದಿದೆ" ಎಂದಳು ಅಜ್ಜಿ.

ಕೊನೆಯ ತುಂಡನ್ನು ಅಲ್ಲಿ ಯಾರೂ ತಿನ್ನುವುದಿಲ್ಲ, ತಿಂದರೆ ಹೊಟ್ಟೆಬಾಕ. ವೆಂಡಲ್ ಅದನ್ನು ಅರ್ಧ ಮಾಡಿ ಕಿಪ್‌ಗೆ ಕೊಟ್ಟ. ಕಿಪ್ ಅರ್ಧದಲ್ಲಿ ಅರ್ಧ ಮಾಡಿ ಹೆಡ್‌ಬರ್ಗ್ ಚರ್ಚಿನ ಸಣಕಲು ಪಾದ್ರಿಗೆ ಕೊಟ್ಟ. ಆ ತುಂಡು ಅಣುವಾಗುವ ಹೊತ್ತಿಗೆ ಐದು ಗಂಟೆ.

ಬಾಗಿಲಲ್ಲಿ ಅಜ್ಜಿಯ ಸೊಂಟದ ಆಪರೇಷನ್ ಕಥೆ. ಮೆಟ್ಟಿಲ ಮೇಲೆ ಜೋಳದ ಬೆಲೆ. ಕಿಪ್ ಹಲ್ಲು ಕಚ್ಚಿ ಪಿಸುಗುಟ್ಟಿದ: "ಕೋಚ್, ಐದೂ ಮೂವತ್ತೈದು. ಹನ್ನೆರಡನೇ ನಿಯಮ!"

"ನೀನು ಪಾಠ ಕೇಳ್ತಿದ್ಯಾ?" ವೆಂಡಲ್‌ಗೆ ಅಂಥ ಹೊತ್ತಿನಲ್ಲೂ ಕಣ್ಣು ತುಂಬಿತು.

ಬಸ್ಸು ಹತ್ತಿದ. ಕಿಟಕಿಗೆ ಅಜ್ಜಿ ಬಂದಳು. "ಮಿಕ್ಕಿದ ಹಾಟ್‌ಡಿಶ್ ಡಬ್ಬಿಗೆ ಹಾಕ್ಕೊಡ್ತೀನಿ, ಒಂದೇ ನಿಮಿಷ." ಡಬ್ಬಿ ಸಿಕ್ಕಿತು, ಮುಚ್ಚಳ ಸಿಗಲಿಲ್ಲ. ಮುಚ್ಚಳ ಸಿಕ್ಕಿದಾಗ ಐದೂ ನಲವತ್ತೆಂಟು.

ತಮ್ಮ ಊರ ಹೊರಗಿನ ಧಾನ್ಯದ ಗೋಪುರ ದಾಟುತ್ತಿದ್ದಾಗ ಚರ್ಚಿನ ಗಂಟೆ ಕೇಳಿಸಿತು. ಒಂದು. ಎರಡು. ವೆಂಡಲ್ ಆರನ್ನೂ ಕೇಳಿದ. ಹಿಂದೆ ಒಲೆ ಒಮ್ಮೆ ಕಿರ್ರೆಂದಿತು. ಬಸ್ಸಿನ ತುಂಬ ಹಾಟ್‌ಡಿಶ್ ವಾಸನೆ.

"ಅಜ್ಜಿ ಬೇಕಂತಲೇ ಮಾಡಿದ್ಲಾ ಕೋಚ್?" ಎಂದ ಕಿಪ್.

"ಆ ಮುಚ್ಚಳ ಅವಳ ಏಪ್ರನ್ ಜೇಬಲ್ಲೇ ಇತ್ತು ಕಣೋ. ನಾನು ನೋಡ್ತಾನೇ ಇದ್ದೆ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಗೋ ಹೇಳೋದು? ಊಟ ಹಾಕಿದ್ದಾಳೆ."

ಸೋಮವಾರ ಬೆಳಿಗ್ಗೆ ಒಲೆ ವಾಪಸ್ ಹೋಯಿತು. ಹತ್ತು ಗಂಟೆಗೆ ಮಂಡಳಿಯ ಸಭೆ. ರೋಲಂಡ್ ಕ್ವಿಸ್ಟ್ ದುಃಖದ ಮುಖ ಹಾಕಿಕೊಂಡು ಫುಟ್ಬಾಲ್ ಮುಚ್ಚಿಸಿದ. ದುಃಖದ ಕೆಳಗೆ ಗಾಳದ ಕಡ್ಡಿಗಳ ಕ್ಯಾಟಲಾಗ್ ಇತ್ತು. ಕಾರ್ಯದರ್ಶಿ ಮೇವಿಸ್ ಎಲ್ಲವನ್ನೂ ಬರೆದುಕೊಂಡಳು. ಮಿಕ್ಕ ಸದಸ್ಯರು ಪದ್ಧತಿ ಪ್ರಕಾರ ಒಂದೊಂದು ಸುತ್ತು ಮಾತಾಡಿ ಹನ್ನೊಂದೂವರೆಗೆ ಹೋದರು. ಉಳಿದವರು ರೋಲಂಡ್, ಮೇವಿಸ್, ವೆಂಡಲ್.

ವೆಂಡಲ್ ತೊಡೆ ತಟ್ಟಿದ. "ಸರಿ, ಇನ್ನು..." ಎದ್ದ. ಕೋಟಿನ ಒಂದು ತೋಳು ಹಾಕಿದ. ಬಾಗಿಲ ನಡುವೆ ಬಂದು ನಿಂತ.

"ಅಂದ ಹಾಗೆ ರೋಲಂಡ್, ನಿಮ್ಮ ಕೆರೆ ಹೇಗಿದೆ?"

ಹೇಳದಿದ್ದರೆ ಮರ್ಯಾದೆಯೇ? ರೋಲಂಡ್ ಹೇಳಿದ. ಕೆರೆ ಮುಗಿದು ಹೆಂಡತಿಯ ಬೆನ್ನುನೋವು, ಅದು ಮುಗಿದು ಅಳಿಯನ ಟ್ರ್ಯಾಕ್ಟರ್. ಹನ್ನೆರಡೂವರೆಗೆ ರೋಲಂಡ್‌ನ ಹೊಟ್ಟೆ ಗುರ್ರೆಂದಿತು. ವೆಂಡಲ್ ಕೋಟಿನ ಎರಡನೇ ತೋಳನ್ನು ಹುಡುಕುತ್ತಲೇ ಇದ್ದ. ಮೇವಿಸ್ ಟ್ರ್ಯಾಕ್ಟರ್‌ನ ಬಣ್ಣವನ್ನೂ ಬರೆದುಕೊಂಡಳು.

"ಊಟಕ್ಕೆ ಮನೇಲಿ ಕಾಯ್ತಿರ್ತಾರೆ ವೆಂಡಲ್..."

"ಹೌದೌದು, ಹೊರಟೆ. ಕೆಲಸ ಕಳ್ಕೊಂಡೋನ ಮಾತು ಯಾರಿಗೆ ತಾನೇ ಬೇಕು." ಆರ್ಡಿಸ್ ಅಜ್ಜಿಯ ಧಾಟಿಯೇ, ಒಂದು ಸ್ವರ ಆಚೀಚೆ ಇಲ್ಲ.

ರೋಲಂಡ್ ಕೆಂಪಾದ. "ಅಯ್ಯೋ, ಹಾಗ್ಯಾಕಂತೀಯ!"

"ಮುಂದಿನ ನವೆಂಬರ್‌ನಲ್ಲಿ ಹುಡುಗರು ಒಲೆ ತಂದೇ ತರ್ತಿದ್ರು. ಇರ್ಲಿ ಬಿಡಿ. ನಿಮ್ಮ ಅಳಿಯನ ಇನ್ನೊಂದು ಟ್ರ್ಯಾಕ್ಟರ್..."

"ಆಯ್ತು ಮಾರಾಯ! ಮುಂದಿನ ವರ್ಷಾನೂ ಹೋಗು, ಆಡು, ಒಲೆ ತಗೊಂಡ್ ಬಾ! ಯಾರು ಬೇಡ ಅಂದ್ರು? ಈಗ ದಾರಿ ಬಿಡು!"

ವೆಂಡಲ್ ತಲೆ ತಿರುಗಿಸಿದ. "ಮೇವಿಸ್, ಬರ್ಕೊಂಡ್ರಾ?"

"ಬರ್ದೆ. ಹನ್ನೆರಡೂ ನಲವತ್ತೊಂದು. ಅಧ್ಯಕ್ಷರ ನಿರ್ಣಯ."

"ಏನ್ ನಿರ್ಣಯ? ಅದು ಬಾಗಿಲ ಮಾತು ಕಣ್ರೀ, ಬಾಯಿಮಾತಿಗೆ ಅಂದಿದ್ದು!"

"ಮೂವತ್ತೊಂದನೇ ನಿಯಮ" ಎಂದಳು ಮೇವಿಸ್, ಪೆನ್ನಿನ ಮುಚ್ಚಳ ಹಾಕುತ್ತಾ. ಅವಳೂ ಒಂದು ಕಾಲದಲ್ಲಿ ವೆಂಡಲ್‌ನ ಪಾಠಕ್ಕೆ ಕೂತವಳೇ. ನಿದ್ದೆ ಮಾಡಿರಲಿಲ್ಲ.

ವೆಂಡಲ್‌ಗೆ ಕೋಟಿನ ಎರಡನೇ ತೋಳು ತಟ್ಟನೆ ಸಿಕ್ಕಿತು. "ಬರ್ತೀನಿ" ಎಂದವನೇ ಹೊರಟ. ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಗಾಡಿಯ ಕಿಟಕಿ ಇಳಿಸಲಿಲ್ಲ.

ಅವನು ಹತ್ತು-ಏಳರಲ್ಲಿ ಪಂದ್ಯ ಗೆದ್ದದ್ದನ್ನು ಆ ಜಿಲ್ಲೆ ಎಂದೋ ಮರೆತಿದೆ. ಆದರೆ 'ಬರ್ತೀನಿ' ಎಂಬ ಒಂದೇ ಮಾತಾಡಿ ಹೊರಟುಹೋದ ಆ ಒರಟನ ಕಥೆಯನ್ನು ಚರ್ಚಿನ ನೆಲಮಾಳಿಗೆಯಲ್ಲಿ ಇವತ್ತಿಗೂ ಹೇಳುತ್ತಾರೆ, ತಟ್ಟೆಯ ಕೊನೆಯ ತುಂಡನ್ನು ಅರ್ಧದಲ್ಲಿ ಅರ್ಧ ಮಾಡುತ್ತಾ.